ಆರ್ಕಿಟೆಕ್ಟ್‌ಗೆ ದುಡ್ಡು ಕೊಡುವವರು ಯಾರು? ನಮ್ಮಲ್ಲಿ ಮತ್ತು ನೆರೆಯ ದೇಶಗಳಲ್ಲಿ

ಪ್ರಶ್ನೆ: ನನ್ನ ಮಗಳು ಐದು ವರ್ಷ ಬಿ.ಆರ್ಕ್ ಓದಿ ಹೋದ ವರ್ಷ ಮುಗಿಸಿದಳು. ಈಗ ಬೆಂಗಳೂರಿನ ಒಂದು ಆಫೀಸಿನಲ್ಲಿ ಕೆಲಸ. ಪಿಜಿ ಬಾಡಿಗೆ, ಊಟ, ಓಡಾಟ ಕಳೆದರೆ ಸಂಬಳದಲ್ಲಿ ಏನೂ ಉಳಿಯಲ್ಲ. ಜೊತೆಯಲ್ಲಿ ಪಿಯುಸಿ ಓದಿ ಕಂಪ್ಯೂಟರ್ ಸೈನ್ಸ್‌ಗೆ ಹೋದವರು ಎಷ್ಟೋ ಜಾಸ್ತಿ ದುಡಿಯುತ್ತಿದ್ದಾರೆ. ಇದು ನಮ್ಮ ದೇಶದ ಕಥೆ ಮಾತ್ರವೇ? ಶ್ರೀಲಂಕಾ, ನೇಪಾಳ, ಪಾಕಿಸ್ತಾನಗಳಲ್ಲೂ ಹೀಗೇನಾ? ಬಾಂಗ್ಲಾದೇಶದ ಆರ್ಕಿಟೆಕ್ಟ್‌ಗಳಿಗೆ ದೊಡ್ಡ ದೊಡ್ಡ ಪ್ರಶಸ್ತಿ ಬರುತ್ತಿದೆ ಎಂದು ಅವಳೇ ಹೇಳುತ್ತಾಳೆ. ಇನ್ನೊಂದು ಮಾತು. ನಮ್ಮ ಭಾವನವರು ದಾವಣಗೆರೆಯಲ್ಲಿ 30×40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದಾರೆ. "ಪ್ಲ್ಯಾನ್ ನೀನೇ ಹಾಕಿಕೊಡಮ್ಮ" ಅಂದಿದ್ದಾರೆ. ನೆಂಟರ ಹತ್ತಿರ ದುಡ್ಡು ಕೇಳಬಹುದಾ?

ಉತ್ತರ: ಅಲ್ಲೂ ಹೀಗೇ. ಢಾಕಾ, ಲಾಹೋರ್, ಕಠ್ಮಂಡು, ಕೊಲಂಬೊ, ಎಲ್ಲಿ ಬೇಕಾದರೂ ಈಗಷ್ಟೇ ಓದು ಮುಗಿಸಿದ ಹುಡುಗ ಹುಡುಗಿಯರನ್ನು ಕೇಳಿ ನೋಡಿ, ನಿಮ್ಮ ಮಗಳು ಹೇಳಿದ್ದನ್ನೇ ಹೇಳುತ್ತಾರೆ. ರಾತ್ರಿ ಹತ್ತಾದರೂ ಆಫೀಸು, ಕಡಿಮೆ ಸಂಬಳ, "ಇನ್ನೂ ಕಲಿಯುತ್ತಿದ್ದೀಯಲ್ಲ" ಅನ್ನುವ ಮಾತು. ನಾನು ಕೆಲಸಕ್ಕೆ ಸೇರಿದ ಮೊದಲ ಆಫೀಸಿನಲ್ಲಿ ಮೂರು ತಿಂಗಳು ಸಂಬಳವನ್ನೇ ಕೊಡಲಿಲ್ಲ. ಆಮೇಲೆ ಕೊಟ್ಟಿದ್ದನ್ನು ಮನೆಯಲ್ಲಿ ಹೇಳಿಕೊಳ್ಳುವುದಕ್ಕೆ ನಾಚಿಕೆಯಾಗಿತ್ತು. ಅದಕ್ಕೇ ನಿಮ್ಮ ಪತ್ರ ಓದಿ ಸುಮ್ಮನಿರುವುದಕ್ಕೆ ಆಗಲಿಲ್ಲ.

ಆಫೀಸು ನಡೆಸುವವರು ಕೆಟ್ಟವರು, ಅದಕ್ಕೇ ಸಂಬಳ ಕಡಿಮೆ ಎಂದು ಹೇಳಿ ಮುಗಿಸಬಹುದು. ಕೆಲವರ ವಿಷಯದಲ್ಲಿ ಅದು ನಿಜವೂ ಹೌದು. ಆದರೆ ತೊಂದರೆ ಅದಕ್ಕಿಂತ ಕೆಳಗಿದೆ. ಆರ್ಕಿಟೆಕ್ಟ್‌ಗೆ ದುಡ್ಡು ಬರುವ ದಾರಿಯೇ ತಪ್ಪಾಗಿದೆ. ನಿಮ್ಮ ಭಾವನವರ ಮನೆಯನ್ನೇ ಉದಾಹರಣೆಗೆ ತಗೊಳ್ಳೋಣ.

ಎರಡು ಮಹಡಿ, ಖರ್ಚು 40 ಲಕ್ಷ ಅಂದುಕೊಳ್ಳಿ. ನಮ್ಮ ಫೀಸು ಸಾಮಾನ್ಯವಾಗಿ ಕಟ್ಟುವ ಖರ್ಚಿನ ಮೇಲೆ ಇಂತಿಷ್ಟು ಪರ್ಸೆಂಟ್ ಎಂದು ಇರುತ್ತದೆ. ಶೇಕಡಾ 5 ಅಂದರೆ 2 ಲಕ್ಷ. ಕೇಳುವುದಕ್ಕೆ ದೊಡ್ಡ ಮೊತ್ತ. ಆದರೆ ಕೆಲಸ ಮುಗಿಯುವುದಕ್ಕೆ ಒಂದೂವರೆ ವರ್ಷ ಬೇಕು. ಪ್ಲ್ಯಾನ್ ಒಂದೇ ಅಲ್ಲ, ಕಿಟಕಿ ಬಾಗಿಲು, ಮೆಟ್ಟಿಲು, ವೈರಿಂಗ್, ನೀರಿನ ಪೈಪು, ಅಡುಗೆಮನೆ ಕಟ್ಟೆ, ಎಲ್ಲಕ್ಕೂ ಬೇರೆ ಬೇರೆ ಡ್ರಾಯಿಂಗ್. ಸೈಟಿಗೆ ಕನಿಷ್ಠ ಇಪ್ಪತ್ತು ಇಪ್ಪತ್ತೈದು ಸಲ ಹೋಗಬೇಕು. ಕಂಬಿ ಲೆಕ್ಕ ಹಾಕುವ ಸ್ಟ್ರಕ್ಚರಲ್ ಇಂಜಿನಿಯರ್‌ಗೆ ಇದರಲ್ಲೇ ಕೊಡಬೇಕು. ಕೊನೆಗೆ ತಿಂಗಳಿಗೆ ಏಳೆಂಟು ಸಾವಿರ ಉಳಿದರೆ ಹೆಚ್ಚು. ಈ ಕಡೆ, ಪೇಟೆಯಲ್ಲಿ ಹತ್ತು ಹದಿನೈದು ಸಾವಿರಕ್ಕೆ ಪ್ಲ್ಯಾನ್ ಬರೆದು, ಸ್ಯಾಂಕ್ಷನ್ ಕೂಡ ಮಾಡಿಸಿಕೊಡುವವರು ಇರುತ್ತಾರೆ. ಮಿಕ್ಕಿದ್ದನ್ನು ಮೇಸ್ತ್ರಿ ನೋಡಿಕೊಳ್ಳುತ್ತಾರೆ, ಚದರಕ್ಕೆ ಇಷ್ಟು ಎಂದು ಮಾತಾಡಿಕೊಂಡರೆ ಆಯಿತು. ಹಾಗಾಗಿ ಇಂಥ ಮನೆಗಳಿಗೆ ಆರ್ಕಿಟೆಕ್ಟ್ ಬರುವುದೇ ಇಲ್ಲ. ನಮ್ಮ ಸುತ್ತಲಿನ ಎಲ್ಲ ದೇಶಗಳಲ್ಲೂ ಜನ ವಾಸವಿರುವ ಮನೆಗಳಲ್ಲಿ ಬಹುಪಾಲು ಮೇಸ್ತ್ರಿ ಮತ್ತು ಮನೆಯವರು ಸೇರಿ ಕಟ್ಟಿಕೊಂಡವು. ಆರ್ಕಿಟೆಕ್ಟ್‌ಗಳು ಮೇಲಿನ ಪದರಕ್ಕೆ ಜೋತುಬಿದ್ದಿದ್ದಾರೆ. ಅಪಾರ್ಟ್‌ಮೆಂಟು, ಹೋಟೆಲು, ಐಟಿ ಕಂಪನಿ, ಶ್ರೀಮಂತರ ಬಂಗಲೆ. ಇಷ್ಟು ಚಿಕ್ಕ ಮಾರುಕಟ್ಟೆಗೆ ಪ್ರತಿ ವರ್ಷ ಸಾವಿರಾರು ಮಕ್ಕಳು ಓದಿ ಬರುತ್ತಾರೆ. ಸಂಬಳ ಮೇಲೇಳುವುದಾದರೂ ಹೇಗೆ?

ಈ ಪರ್ಸೆಂಟ್ ಲೆಕ್ಕದಲ್ಲಿ ಇನ್ನೊಂದು ಅನ್ಯಾಯವೂ ಇದೆ. ಯೋಚನೆ ಮಾಡಿ ಮನೆಯ ಖರ್ಚು ಇಳಿಸಿದರೆ ನಮ್ಮ ಫೀಸೂ ಇಳಿಯುತ್ತದೆ. ಹೆಚ್ಚು ತಲೆ ಓಡಿಸಿದವನಿಗೆ ಕಡಿಮೆ ದುಡ್ಡು!

ಕಾನೂನು ಇಲ್ಲವಾ ಎಂದು ಕೇಳಬಹುದು. ಇದೆ. ನಮ್ಮಲ್ಲಿ 1972ರ ಆರ್ಕಿಟೆಕ್ಟ್ಸ್ ಆಕ್ಟ್ ಇದೆ, ಅದರ ಕೆಳಗೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ಇದೆ. ನಿಮ್ಮ ಮಗಳು ಅಲ್ಲಿ ನೋಂದಣಿ ಮಾಡಿಸಿರಬೇಕು. ಆದರೆ ಆ ಕಾನೂನು ಕಾಯುವುದು 'ಆರ್ಕಿಟೆಕ್ಟ್' ಅನ್ನುವ ಹೆಸರನ್ನು ಮಾತ್ರ. ಕೆಲಸವನ್ನಲ್ಲ. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ನೋಯ್ಡಾ ಪ್ರಾಧಿಕಾರದ ಹುದ್ದೆಗಳ ಬಗ್ಗೆ ಬಂದ ಕೇಸು ಅದು. ನೋಂದಣಿ ಇಲ್ಲದವರು ಆರ್ಕಿಟೆಕ್ಟ್ ಎಂದು ಹೆಸರು ಹಾಕಿಕೊಳ್ಳುವ ಹಾಗಿಲ್ಲ, ಆದರೆ ಕಟ್ಟಡದ ವಿನ್ಯಾಸ ಮಾಡುವುದನ್ನು ಈ ಕಾನೂನು ತಡೆಯುವುದಿಲ್ಲ ಎಂದು ತೀರ್ಪು ಬಂತು. ನಮ್ಮವರು ಬಹಳ ಜನ ಬೇಸರ ಮಾಡಿಕೊಂಡರು. ನನಗೆ ಅಷ್ಟು ಬೇಸರವಾಗಲಿಲ್ಲ. ಕಾನೂನು ತಂದು ಎಲ್ಲ ಮನೆಗೂ ಆರ್ಕಿಟೆಕ್ಟ್ ಕಡ್ಡಾಯ ಅಂದರೆ ಏನಾಗುತ್ತದೆ? ನಮ್ಮ ಸಹಿ ಮತ್ತು ಸೀಲು ಮಾರಾಟಕ್ಕೆ ಬರುತ್ತದೆ. ಡ್ರಾಯಿಂಗ್ ಇನ್ಯಾರದೋ, ಸಹಿ ಮಾತ್ರ ನಮ್ಮದು. ಅದರಿಂದ ಮನೆಯೂ ಚೆನ್ನಾಗಿ ಆಗಲ್ಲ, ನಿಮ್ಮ ಮಗಳ ಸಂಬಳವೂ ಏರಲ್ಲ.

ನೆರೆಯಲ್ಲಿ ಒಬ್ಬೊಬ್ಬರದು ಒಂದೊಂದು ವ್ಯವಸ್ಥೆ. ಪಾಕಿಸ್ತಾನದಲ್ಲಿ 1983ರಿಂದ ಆರ್ಕಿಟೆಕ್ಟ್ ಮತ್ತು ನಗರ ಯೋಜಕರಿಗೆ ಸೇರಿ ಒಂದೇ ಕೌನ್ಸಿಲ್. ನೇಪಾಳದಲ್ಲಿ ಆರ್ಕಿಟೆಕ್ಟ್‌ಗಳು ಇಂಜಿನಿಯರಿಂಗ್ ಕೌನ್ಸಿಲ್‌ನಲ್ಲೇ ಹೆಸರು ಬರೆಸಬೇಕು. ಬಾಂಗ್ಲಾದೇಶದ ಆರ್ಕಿಟೆಕ್ಟ್‌ಗಳ ಸಂಘ ದೇಶ ಹುಟ್ಟಿದ ಬೆನ್ನಲ್ಲೇ, 1972ರಲ್ಲಿ ಶುರುವಾಯಿತು. ವ್ಯವಸ್ಥೆ ಏನೇ ಇರಲಿ, ಮೇಸ್ತ್ರಿ ಕಟ್ಟುವ ಮನೆಗಳ ಪ್ರಮಾಣ ಎಲ್ಲೂ ಬದಲಾಗಿಲ್ಲ.

ಈಗ ಬಾಂಗ್ಲಾದೇಶ. ನಿಮ್ಮ ಮಗಳು ಹೇಳಿದ್ದು ನಿಜ, ಈ ಭಾಗದಲ್ಲಿ ಇವತ್ತು ಎಲ್ಲರ ಕಣ್ಣು ಇರುವುದು ಅವರ ಮೇಲೆ. ಇದು ಒಂದೇ ದಿನದಲ್ಲಿ ಆದದ್ದಲ್ಲ. ಮುಜರುಲ್ ಇಸ್ಲಾಂ ಅಂತ ಒಬ್ಬರಿದ್ದರು, ಅಲ್ಲಿನ ಆಧುನಿಕ ವಾಸ್ತುಶಿಲ್ಪಕ್ಕೆ ಪಾಯ ಹಾಕಿದವರು. ಢಾಕಾದ ಸಂಸತ್ ಭವನದ ಕೆಲಸ ಅವರ ಕೈಗೇ ಬಂದಿತ್ತು. ಅವರು ಅದನ್ನು ಇಟ್ಟುಕೊಳ್ಳಲಿಲ್ಲ. ಪ್ರಪಂಚದ ದೊಡ್ಡ ಆರ್ಕಿಟೆಕ್ಟ್ ಒಬ್ಬರು ಬಂದು ಕಟ್ಟಿದರೆ ನಮ್ಮ ಹುಡುಗರು ನೋಡಿ ಕಲಿಯುತ್ತಾರೆ ಎಂದು ಯೋಚಿಸಿದರು. ಹೀಗೆ ಅಮೆರಿಕದ ಲೂಯಿ ಕಾನ್ ಬಂದರು. ಆ ಕಟ್ಟಡ ಮುಗಿದದ್ದು 1982ರಲ್ಲಿ, ಕಾನ್ ತೀರಿಕೊಂಡು ಎಂಟು ವರ್ಷ ಆದ ಮೇಲೆ. ಕೈಗೆ ಬಂದ ಅಷ್ಟು ದೊಡ್ಡ ಕೆಲಸವನ್ನು ಮುಂದಿನವರ ಕಲಿಕೆಗೋಸ್ಕರ ಬಿಟ್ಟುಕೊಟ್ಟವರು ಎಷ್ಟು ಜನ ಸಿಗುತ್ತಾರೆ ಹೇಳಿ? ಅಲ್ಲಿನ ಇಂಜಿನಿಯರಿಂಗ್ ವಿಶ್ವವಿದ್ಯಾಲಯದಲ್ಲಿ 1962ರಲ್ಲಿ ಆರ್ಕಿಟೆಕ್ಚರ್ ಶುರುವಾಯಿತು. ಅಲ್ಲಿ ಓದಿದವರೇ ಈಗ ಹೆಸರು ಮಾಡುತ್ತಿದ್ದಾರೆ.

ಅವರಲ್ಲಿ ಮರೀನಾ ತಬಸ್ಸುಮ್ ಒಬ್ಬರು. ಢಾಕಾದಲ್ಲಿ ಅವರ ಅಜ್ಜಿ ಕೊಟ್ಟ ಜಾಗದಲ್ಲಿ ಬೈತ್ ಉರ್ ರೌಫ್ ಮಸೀದಿ ಕಟ್ಟಿದರು. 2012ರಲ್ಲಿ ಮುಗಿಯಿತು. ಗುಮ್ಮಟ ಇಲ್ಲ, ಮಿನಾರು ಇಲ್ಲ. ಬರೀ ಇಟ್ಟಿಗೆ, ಗಾಳಿ ಮತ್ತು ಛಾವಣಿಯ ತೂತುಗಳಿಂದ ನೆಲದ ಮೇಲೆ ಚುಕ್ಕಿ ಚುಕ್ಕಿಯಾಗಿ ಬೀಳುವ ಬೆಳಕು. 2016ರಲ್ಲಿ ಅದಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಆದರೆ ನನಗೆ ಅವರ ಇನ್ನೊಂದು ಕೆಲಸವೇ ಹೆಚ್ಚು ಮುಖ್ಯ. ಅಲ್ಲಿನ ನದಿಗಳಲ್ಲಿ ಮರಳಿನ ದಿಬ್ಬಗಳಿವೆ, 'ಚರ್' ಅನ್ನುತ್ತಾರೆ. ಹೊಳೆ ಪ್ರತಿ ವರ್ಷ ಒಂದು ಕಡೆ ಕೊರೆದು ಇನ್ನೊಂದು ಕಡೆ ದಿಬ್ಬ ಮಾಡುತ್ತದೆ, ಅಲ್ಲಿ ಬದುಕುವವರು ಮನೆ ಕಿತ್ತುಕೊಂಡು ಓಡಾಡುತ್ತಲೇ ಇರಬೇಕು. ಅವರಿಗಾಗಿ ತಬಸ್ಸುಮ್ 'ಖುದಿ ಬಾಡಿ' ಮಾಡಿದರು, ಅಂದರೆ ಪುಟ್ಟ ಮನೆ. ಬಿದಿರಿನ ಕಂಬಗಳು, ಅವನ್ನು ಕೂಡಿಸುವುದಕ್ಕೆ ಉಕ್ಕಿನ ಜೋಡಣೆ. ನೀರು ಬಂದರೆ ಮೇಲಿನ ಅಟ್ಟಕ್ಕೆ ಹತ್ತಬಹುದು, ದಿಬ್ಬವೇ ಹೋದರೆ ಮನೆಯನ್ನು ಬಿಚ್ಚಿ ದೋಣಿಯಲ್ಲಿ ಹಾಕಿಕೊಂಡು ಹೋಗಬಹುದು. 2025ರಲ್ಲಿ ಇದಕ್ಕೂ ಆಗಾ ಖಾನ್ ಪ್ರಶಸ್ತಿ ಸಿಕ್ಕಿತು.

ಈಗ ನಿಮ್ಮ ಪ್ರಶ್ನೆಗೆ ಇದನ್ನು ತಗಲಿಸಿ ನೋಡಿ. ಚರ್‌ನಲ್ಲಿರುವ ಬಡವರು ಆರ್ಕಿಟೆಕ್ಟ್‌ಗೆ ಪರ್ಸೆಂಟ್ ಫೀಸು ಕೊಡುವುದು ಸಾಧ್ಯವೇ ಇಲ್ಲ. ಇಂಥ ಕೆಲಸ ನಡೆಯುವುದು ಬೇರೆ ದುಡ್ಡಿನಿಂದ, ದಾನಿಗಳಿಂದ, ಸಂಸ್ಥೆಗಳಿಂದ. ಬಾಂಗ್ಲಾದೇಶದಲ್ಲಿ ಪ್ರಶಸ್ತಿ ಬಂದ ಎಷ್ಟೋ ಕೆಲಸಗಳ ಹಿಂದೆ ಇಂಥ ದುಡ್ಡಿದೆ. ಸಾತ್‌ಖೀರಾದಲ್ಲಿ ಕಾಶೆಫ್ ಮಹಬೂಬ್ ಚೌಧುರಿ ಕಟ್ಟಿದ ಆಸ್ಪತ್ರೆ ಫ್ರೆಂಡ್‌ಶಿಪ್ ಅನ್ನುವ ಸೇವಾ ಸಂಸ್ಥೆಯದು. ಹಾಗಾಗಿ ಪ್ರಶಸ್ತಿ ನೋಡಿ ಅಲ್ಲಿನ ಆರ್ಕಿಟೆಕ್ಟ್‌ಗಳೆಲ್ಲ ಸುಖವಾಗಿದ್ದಾರೆ ಅಂದುಕೊಳ್ಳಬೇಡಿ. ಅದೇ ದೇಶದಲ್ಲಿ 2013ರ ಏಪ್ರಿಲ್ 24ರಂದು ರಾಣಾ ಪ್ಲಾಜಾ ಕುಸಿದು 1,134 ಜನ ಸತ್ತರು. ಅಂಗಡಿ, ಆಫೀಸಿಗೆಂದು ಮಾಡಿದ ಕಟ್ಟಡದಲ್ಲಿ ಗಾರ್ಮೆಂಟ್ ಫ್ಯಾಕ್ಟರಿ ಇಟ್ಟಿದ್ದರು, ಅನುಮತಿ ಇಲ್ಲದೆ ಮೇಲೆ ಮಹಡಿ ಏರಿಸಿದ್ದರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಕೆಳಗಿದ್ದ ಬ್ಯಾಂಕಿನವರು ತಮ್ಮ ಜನರನ್ನು ವಾಪಸ್ ಕಳಿಸಿದರು. ಗಾರ್ಮೆಂಟ್ ಹೆಣ್ಣುಮಕ್ಕಳನ್ನು ಮಾತ್ರ ಕೆಲಸಕ್ಕೆ ಒಳಗೆ ಕಳಿಸಿದರು. ಆ ಫೋಟೊಗಳನ್ನು ನೋಡಿದ ದಿನ ನನಗೆ ಡ್ರಾಯಿಂಗ್ ಮುಂದೆ ಕೂರುವುದಕ್ಕೇ ಆಗಲಿಲ್ಲ. ಬೆಂಗಳೂರಿನಲ್ಲೂ ಸ್ಯಾಂಕ್ಷನ್‌ನಲ್ಲಿ ಮೂರು ಮಹಡಿ, ಸೈಟಿನಲ್ಲಿ ಐದು ಮಹಡಿ ಎದ್ದಿರುವುದನ್ನು ನಾವು ದಿನಾ ನೋಡುತ್ತೇವೆ ಅಲ್ವಾ?

ಪಾಕಿಸ್ತಾನದಲ್ಲಿ ಯಾಸ್ಮೀನ್ ಲಾರಿ ಇದ್ದಾರೆ. ಆ ದೇಶದ ಮೊದಲ ಮಹಿಳಾ ಆರ್ಕಿಟೆಕ್ಟ್. 1960ರ ದಶಕದಲ್ಲಿ ಕರಾಚಿಯಲ್ಲಿ ಆಫೀಸು ತೆರೆದು, ದೊಡ್ಡ ಹೋಟೆಲು, ತೈಲ ಕಂಪನಿಯ ಕಟ್ಟಡ ಎಲ್ಲ ಮಾಡಿ, 2000ದಲ್ಲಿ ವೃತ್ತಿ ಬಿಟ್ಟರು. 2005ರ ಭೂಕಂಪ ಅವರನ್ನು ಮತ್ತೆ ಎಳೆಯಿತು. ಅಲ್ಲಿಂದ ಮುಂದೆ ಬಿದಿರು, ಸುಣ್ಣ, ಮಣ್ಣು ಇಷ್ಟರಲ್ಲೇ ಕೆಲಸ. ಹಳ್ಳಿಯ ಹೆಂಗಸರೇ ಕಲಿತು ಕಟ್ಟಿಕೊಳ್ಳುವ ಮನೆಗಳು, ಹೊಗೆ ಇಲ್ಲದ ಒಲೆಗಳು. 2023ರಲ್ಲಿ ವಾಸ್ತುಶಿಲ್ಪಕ್ಕೆ ಕೊಡುವ ಬ್ರಿಟನ್ನಿನ ರಾಯಲ್ ಗೋಲ್ಡ್ ಮೆಡಲ್ ಬಂತು. ಆದರೆ ಗಮನಿಸಿ, ಅವರು ಇದನ್ನು ಮಾಡಿದ್ದು ವೃತ್ತಿಯಿಂದ ನಿವೃತ್ತಿ ಆದ ಮೇಲೆ. ಇಪ್ಪತ್ಮೂರು ವರ್ಷದ ಹುಡುಗಿಗೆ ಆ ದಾರಿಯಲ್ಲಿ ಮೊದಲ ದಿನದಿಂದಲೇ ನಡೆಯುವುದು ಕಷ್ಟ.

ಕರಾಚಿಯ ಒರಂಗಿ ಕೊಳೆಗೇರಿಯ ಕಥೆ ನನಗೆ ಇನ್ನೂ ಹತ್ತಿರ. 1980ರಲ್ಲಿ ಅಖ್ತರ್ ಹಮೀದ್ ಖಾನ್ ಅನ್ನುವ ಸಮಾಜ ವಿಜ್ಞಾನಿ ಅಲ್ಲಿ ಒಂದು ಯೋಜನೆ ಶುರು ಮಾಡಿದರು. ಚರಂಡಿ ಇಲ್ಲ, ಸರ್ಕಾರ ಹಾಕುತ್ತಿಲ್ಲ. ಒಂದು ಗಲ್ಲಿಯವರೆಲ್ಲ ಸೇರಿ ದುಡ್ಡು ಹಾಕಿ ತಮ್ಮ ಗಲ್ಲಿಯ ಒಳಚರಂಡಿ ತಾವೇ ಮಾಡಿಕೊಳ್ಳಲಿ, ಅಳತೆ, ನಕ್ಷೆ, ಅಂದಾಜು ಪಟ್ಟಿ, ಸಲಕರಣೆ ನಾವು ಕೊಡುತ್ತೇವೆ ಅಂದರು. ಪೈಪಿನ ಖರ್ಚು ಜನರದು, ತಿಳಿವಳಿಕೆಯ ಖರ್ಚು ಸಂಸ್ಥೆಯದು. ಪರ್ವೀನ್ ರೆಹಮಾನ್ ಅನ್ನುವ ಆರ್ಕಿಟೆಕ್ಟ್ ಓದು ಮುಗಿಸಿ ಒಂದು ದೊಡ್ಡ ಆಫೀಸಿನ ಕೆಲಸ ಬಿಟ್ಟು 1980ರ ದಶಕದಲ್ಲೇ ಇಲ್ಲಿಗೆ ಬಂದರು, ಮುಂದೆ ಇದನ್ನು ನಡೆಸಿದರು. ಗಲ್ಲಿ ಗಲ್ಲಿ ಅಳೆದು ನಕ್ಷೆ ಮಾಡಿಸಿದರು. ನಕ್ಷೆ ಇದ್ದರೆ ಆ ಜಾಗ ಯಾರದು ಎಂದು ಗೊತ್ತಾಗುತ್ತದೆ. 2013ರ ಮಾರ್ಚ್‌ನಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ನಮ್ಮ ಕಾಲೇಜುಗಳಲ್ಲಿ ಈ ಹೆಸರನ್ನು ಯಾರೂ ಹೇಳಿಕೊಡುವುದಿಲ್ಲ. ಹೇಳಿಕೊಡಬೇಕು.

ನೇಪಾಳದಲ್ಲಿ ಆದದ್ದು ಬೇರೆ ಥರದ ಪಾಠ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಸುಮಾರು ಒಂಬತ್ತು ಸಾವಿರ ಜನ ಹೋದರು, ಲಕ್ಷಾಂತರ ಮನೆ ಬಿದ್ದವು. ಸರ್ಕಾರ ಮನೆಯೊಂದಕ್ಕೆ 3 ಲಕ್ಷ ನೇಪಾಳಿ ರೂಪಾಯಿ ಕಂತಿನಲ್ಲಿ ಕೊಟ್ಟಿತು, ಕಟ್ಟುವವರು ಮನೆಯವರೇ. ಕಲ್ಲು, ಇಟ್ಟಿಗೆಯ 17 ಮಾದರಿ ಮನೆಗಳ ನಕ್ಷೆ ಇರುವ ಪುಸ್ತಕ ಹೊರಡಿಸಿದರು. ಸಾವಿರಾರು ಗಾರೆಯವರಿಗೆ ತರಬೇತಿ ಕೊಟ್ಟರು. ಇಂಜಿನಿಯರ್‌ಗಳು ಹಳ್ಳಿ ಹಳ್ಳಿಗೆ ಹೋಗಿ ಪರೀಕ್ಷೆ ಮಾಡಿದರು. ಮನೆಗಳು ಗಟ್ಟಿಯಾದವು, ಅದು ಸಣ್ಣ ಸಾಧನೆ ಅಲ್ಲ. ಆದರೆ ಎಷ್ಟೋ ಕಡೆ ಜನ ಕಂತು ಸಿಗಲಿ ಎಂದು ಒಂದೇ ಕೋಣೆಯ ಮನೆ ಕಟ್ಟಿ ನಿಲ್ಲಿಸಿದರು. ಮೆಕ್ಕೆಜೋಳ ಒಣಗಿಸುವುದಕ್ಕೆ ಜಾಗ ಇಲ್ಲ, ಒಲೆಗೆ ಜಾಗ ಇಲ್ಲ, ದನಕ್ಕೆ ಇಲ್ಲ. ಕೆಲವರು ಹಳೆಯ ತಗಡಿನ ಶೆಡ್ಡಿನಲ್ಲೇ ಉಳಿದರು. ಮನೆ ಬೀಳಬಾರದು ಅನ್ನುವುದಕ್ಕೆ ಇಂಜಿನಿಯರ್ ಬೇಕು. ಆ ಮನೆಯಲ್ಲಿ ಬದುಕು ಹೇಗೆ ಅನ್ನುವುದಕ್ಕೆ ಆರ್ಕಿಟೆಕ್ಟ್ ಬೇಕಿತ್ತು, ಮನೆಯವರ ಪಕ್ಕ ಕೂತು ಒಂದು ಗಂಟೆ ಮಾತಾಡುವುದಕ್ಕೆ. ಅಂಥ ಒಂದು ಗಂಟೆಗೆ ಆ ಲೆಕ್ಕದಲ್ಲಿ ದುಡ್ಡು ಇಟ್ಟಿರಲಿಲ್ಲ. 2022ರ ಪ್ರವಾಹದ ನಂತರ ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲಿ 21 ಲಕ್ಷ ಮನೆ ಕಟ್ಟುವ ಯೋಜನೆ ಬಂತು. ಅಲ್ಲೂ ಇದೇ ಥರ ಕಂತಿನ ದುಡ್ಡು, ಕಟ್ಟುವವರೂ ಮನೆಯವರೇ.

ಆ ಒಂದು ಗಂಟೆಯನ್ನು ಕೊಟ್ಟ ಕಥೆ ಶ್ರೀಲಂಕಾದಲ್ಲಿದೆ, ಅದಕ್ಕೆ ಬೆಂಗಳೂರಿನ ನಂಟೂ ಇದೆ. ಶ್ರೀಲಂಕಾ ಅಂದರೆ ಎಲ್ಲರೂ ಜೆಫ್ರಿ ಬಾವಾ ಹೆಸರು ಹೇಳುತ್ತಾರೆ, ಕಂಡಲಮ ಹೋಟೆಲು, ಕೊಲಂಬೊ ಪಕ್ಕದ ಕೋಟ್ಟೆ ಅನ್ನುವ ಊರಿನ ಸಂಸತ್ ಭವನ. ದೊಡ್ಡ ಕಲಾವಿದ, ಎರಡು ಮಾತಿಲ್ಲ. ಅವರಿಗಿಂತ ಮೊದಲು ಕ್ಯಾಂಡಿಯಲ್ಲಿ ಆಫೀಸು ಇಟ್ಟವರು ಮಿನೆಟ್ ಡಿ ಸಿಲ್ವಾ. ಮುಂಬೈಯಲ್ಲಿ ಓದುವಾಗ ಗಾಂಧೀಜಿ ಬಂಧನದ ವಿರುದ್ಧ ನಡೆದ ಮೆರವಣಿಗೆಗೆ ಹೋದರೆಂದು ಕಾಲೇಜಿನಿಂದ ಹೊರಗೆ ಹಾಕಿದರು. ಆಗ ಬೆಂಗಳೂರಿಗೆ ಬಂದು ಓಟೊ ಕೋನಿಗ್ಸ್‌ಬರ್ಗರ್ ಹತ್ತಿರ ಕೆಲಸ ಮಾಡಿದರು. ಹಿಟ್ಲರನ ಕಾಟಕ್ಕೆ ದೇಶ ಬಿಟ್ಟು ಬಂದ ಈ ಜರ್ಮನ್ ಯಹೂದಿ ಆಗ ಮೈಸೂರು ಸಂಸ್ಥಾನದ ಮುಖ್ಯ ಆರ್ಕಿಟೆಕ್ಟ್. ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅವರು ಕಟ್ಟಿದ ಕಟ್ಟಡಗಳನ್ನು ಈಗಲೂ ನೋಡಬಹುದು. ಮುಂದೆ ಅವರು ಲಂಡನ್ನಿನಲ್ಲಿ ಬಿಸಿಲ ನಾಡುಗಳ ವಾಸ್ತುಶಿಲ್ಪ ಕಲಿಸುವ ವಿಭಾಗವನ್ನು ನಡೆಸಿದರು.

ಮಿನೆಟ್ 1950ರ ದಶಕದಲ್ಲಿ ಕ್ಯಾಂಡಿ ಹತ್ತಿರ ವಟಪುಲುವದಲ್ಲಿ ಸರ್ಕಾರಿ ನೌಕರರ ಬಡಾವಣೆ ಮಾಡಿದರು. ಇನ್ನೂರಕ್ಕೂ ಹೆಚ್ಚು ಮನೆಗಳು. ಮೊದಲು ಮನೆಯವರಿಗೆಲ್ಲ ಪ್ರಶ್ನೆಪಟ್ಟಿ ಕೊಟ್ಟರು. ಎಷ್ಟು ಜನ ಇದ್ದೀರಿ, ಅಡುಗೆ ಹೇಗೆ ಮಾಡುತ್ತೀರಿ, ದುಡ್ಡು ಎಷ್ಟಿದೆ. ಸಿಂಹಳೀಯರು, ತಮಿಳರು, ಮುಸ್ಲಿಮರು, ಎಲ್ಲರೂ ಇದ್ದರು. ಉತ್ತರ ನೋಡಿ ಕೆಲವು ಮಾದರಿ ಮಾಡಿ, ಮತ್ತೆ ಅವರ ಹತ್ತಿರ ಹೋಗಿ, ಒಬ್ಬೊಬ್ಬರಿಗೂ ಬೇಕಾದ ಹಾಗೆ ತಿದ್ದಿದರು. ಇಲ್ಲಿ ಪ್ರತಿಯೊಂದು ಮನೆಗೂ ಆರ್ಕಿಟೆಕ್ಟ್ ಸಿಕ್ಕಿದರು, ಆದರೆ ಯಾರೂ ಪೂರ್ತಿ ಫೀಸು ಕೊಡಬೇಕಾಗಲಿಲ್ಲ. ಇನ್ನೂರು ಮನೆ ಒಟ್ಟಿಗೆ ಬಂದಿದ್ದರಿಂದ ಆ ಯೋಚನೆಯ ಖರ್ಚು ಎಲ್ಲರಿಗೂ ಹಂಚಿಹೋಯಿತು. ನನ್ನ ಪ್ರಕಾರ ನಮ್ಮ ವೃತ್ತಿ ಉಳಿಯಬೇಕಾದ ದಾರಿ ಇದು. ಶ್ರೀಲಂಕಾದಲ್ಲಿ ಇವತ್ತು ಪರಿಸ್ಥಿತಿ ಕಷ್ಟ. 2022ರ ಆರ್ಥಿಕ ಕುಸಿತದಲ್ಲಿ ಕಟ್ಟಡ ಕೆಲಸಗಳು ಅರ್ಧಕ್ಕೆ ನಿಂತವು, ಓದಿದವರು ದೇಶ ಬಿಟ್ಟರು.

ನಮ್ಮಲ್ಲೂ ಇಂಥ ದಾರಿ ತೆರೆದವರಿದ್ದಾರೆ. ಇಂದೋರಿನ ಅರಣ್ಯ ಬಡಾವಣೆಯಲ್ಲಿ ಬಿ.ವಿ. ದೋಷಿ ಬಡವರಿಗೆ ಪೂರ್ತಿ ಮನೆ ಕೊಡಲಿಲ್ಲ. ಪಾಯ, ನೀರು, ಶೌಚಾಲಯ ಕೊಟ್ಟು, ಮೇಲೆ ನೀವೇ ಬೆಳೆಸಿಕೊಳ್ಳಿ ಅಂದರು. ಕೇರಳದಲ್ಲಿ ಲಾರಿ ಬೇಕರ್ ಕಾಂಟ್ರ್ಯಾಕ್ಟರ್ ಇಲ್ಲದೆ ತಮ್ಮದೇ ಗಾರೆಯವರನ್ನು ಇಟ್ಟುಕೊಂಡು ಕಟ್ಟಿದರು. ಡ್ರಾಯಿಂಗೂ ಅವರದೇ, ಕಟ್ಟುವುದೂ ಅವರೇ, ಹಾಗಾಗಿ ಮನೆ ಅಗ್ಗವಾದರೂ ಕೆಲಸ ನಿಲ್ಲಲಿಲ್ಲ. ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಅನ್ನುವ ಗ್ರಾಮೀಣ ತಂತ್ರಜ್ಞಾನದ ಕೇಂದ್ರ ಮಣ್ಣಿನ ಬ್ಲಾಕ್ ಮೇಲೆ ಕೆಲಸ ಮಾಡಿತು, ಬೆಂಗಳೂರಿನಲ್ಲಿ ಅಂಥ ಮನೆಗಳು ಬೇಕಾದಷ್ಟಿವೆ. ನಮ್ಮ ಜಿಲ್ಲೆಗಳಲ್ಲಿ ನಿರ್ಮಿತಿ ಕೇಂದ್ರಗಳಿವೆ. ಕಡಿಮೆ ಖರ್ಚಿನ ಕಟ್ಟುವ ವಿಧಾನವನ್ನು ಜನರಿಗೆ ತಲುಪಿಸಲಿ ಎಂದು ಶುರುವಾದವು, ಈಗ ಹೆಚ್ಚಾಗಿ ಸರ್ಕಾರಿ ಕಟ್ಟಡ ಕಟ್ಟುತ್ತಿವೆ. ಒಂದೊಂದು ಕೇಂದ್ರದಲ್ಲೂ ಇಬ್ಬರು ಯುವ ಆರ್ಕಿಟೆಕ್ಟ್‌ಗಳನ್ನು ಸಂಬಳ ಕೊಟ್ಟು ಕೂರಿಸಿ, ವಸತಿ ಯೋಜನೆಯಲ್ಲಿ ಮನೆ ಸಿಕ್ಕವರು ಬಂದು ಮಾತಾಡಲಿ ಅಂದರೆ ಎಷ್ಟು ಚೆನ್ನಾಗಿರುತ್ತದೆ! ಡಾಕ್ಟರಿಗೆ ಸರ್ಕಾರಿ ಆಸ್ಪತ್ರೆ ಇದೆ. ಹಳ್ಳಿಗೆ ಪಶುವೈದ್ಯರು ಬರುತ್ತಾರೆ. ಜೀವಮಾನದಲ್ಲಿ ಒಂದೇ ಸಲ ಮನೆ ಕಟ್ಟುವವರಿಗೆ ಕೇಳುವುದಕ್ಕೆ ಯಾರೂ ಇಲ್ಲ.

ನಿಮ್ಮ ಮಗಳ ವಿಷಯಕ್ಕೆ ಬರುತ್ತೇನೆ. ದುಬೈಗೆ ಹೋಗಬೇಕು ಅಂದರೆ ತಡೆಯಬೇಡಿ, ಈ ಎಲ್ಲ ದೇಶಗಳ ಮಕ್ಕಳೂ ಹೋಗುತ್ತಿದ್ದಾರೆ, ಅದು ತಪ್ಪಲ್ಲ. ಇಲ್ಲೇ ಇರುತ್ತೇನೆ ಅಂದರೆ ಎರಡು ಮಾತು. ಬರೀ ಕಂಪ್ಯೂಟರ್ ಮುಂದೆ ಕೂರಿಸಿ ಬೇರೆಯವರ ಡ್ರಾಯಿಂಗ್ ತಿದ್ದಿಸುವ ಆಫೀಸಾದರೆ ಒಂದು ವರ್ಷಕ್ಕೆ ಬಿಡಲಿ. ಸೈಟಿಗೆ ಕಳಿಸುವ ಆಫೀಸು ಹುಡುಕಲಿ, ಸಂಬಳ ಸ್ವಲ್ಪ ಕಡಿಮೆ ಇದ್ದರೂ ಪರವಾಗಿಲ್ಲ, ಆದರೆ ಸಂಬಳವೇ ಇಲ್ಲದೆ ಒಂದು ದಿನವೂ ಕೆಲಸ ಮಾಡಬಾರದು. ಎರಡನೆಯದು, ಎಸ್ಟಿಮೇಟ್ ಮಾಡುವುದನ್ನು ಕಲಿಯಲಿ. ಎಷ್ಟು ಮೂಟೆ ಸಿಮೆಂಟು, ಎಷ್ಟು ಕಂಬಿ, ಮೇಸ್ತ್ರಿಯ ಲೆಕ್ಕ ಎಲ್ಲಿ ಸರಿ, ಎಲ್ಲಿ ಜಾಸ್ತಿ. ಕಾಲೇಜಿನಲ್ಲಿ ಇದನ್ನು ಮೇಲೆ ಮೇಲೆ ಹೇಳಿ ಬಿಡುತ್ತಾರೆ. ಮನೆಯವರಿಗೆ ಆರ್ಕಿಟೆಕ್ಟ್ ಮೇಲೆ ನಂಬಿಕೆ ಬರುವುದೇ ಈ ಲೆಕ್ಕದಿಂದ.

ಭಾವನವರ ಮನೆಗೆ ದುಡ್ಡು ಕೇಳಬೇಕು. ಖಂಡಿತ ಕೇಳಬೇಕು. ಪರ್ಸೆಂಟ್ ಲೆಕ್ಕ ಬೇಡ, ಹಂತ ಹಂತವಾಗಿ ಇಷ್ಟು ಎಂದು ಮೊದಲೇ ಒಂದು ಹಾಳೆಯಲ್ಲಿ ಬರೆದು ಕೊಡಲಿ. ಮನೆಯವರ ಜೊತೆ ಕೂತು ಮಾತಾಡಿ ಪ್ಲ್ಯಾನ್ ಒಪ್ಪಿಸುವುದಕ್ಕೆ ಒಂದು ಮೊತ್ತ. ಕಟ್ಟುವ ಡ್ರಾಯಿಂಗ್‌ಗಳಿಗೆ ಒಂದು. ಸೈಟಿಗೆ ಬರುವ ಒಂದೊಂದು ಸಲಕ್ಕೂ ಇಷ್ಟು, ಬಸ್ ಚಾರ್ಜ್ ಬೇರೆ. ಕಂಬಿಯ ಲೆಕ್ಕವನ್ನು ಅವಳು ಮಾಡಬಾರದು, ಅದಕ್ಕೆ ಸ್ಟ್ರಕ್ಚರಲ್ ಇಂಜಿನಿಯರ್‌ಗೆ ಭಾವನವರೇ ನೇರವಾಗಿ ಕೊಡಲಿ. ನೆಂಟರು ಎಂದು ಸ್ವಲ್ಪ ಬಿಟ್ಟುಕೊಡುವುದಾದರೆ ಪೂರ್ತಿ ಮೊತ್ತ ಬರೆದು, ಕೆಳಗೆ ಎಷ್ಟು ಬಿಟ್ಟಿದ್ದೇನೆ ಎಂದೂ ಬರೆಯಲಿ. ಆಗ ಕೆಲಸದ ಬೆಲೆ ಅವರಿಗೆ ಗೊತ್ತಿರುತ್ತದೆ. ಪಾಯ ತೆಗೆಯುವ ದಿನ, ಮೋಲ್ಡ್ ಹಾಕುವ ಹಿಂದಿನ ದಿನ, ಈ ಎರಡು ದಿನ ಆಫೀಸಿಗೆ ರಜೆ ಹಾಕಿ ಅವಳು ದಾವಣಗೆರೆಯಲ್ಲಿ ಇರಲೇಬೇಕು. ಆ ದುಡ್ಡಿನ ಮಾತನ್ನು ಅವಳೇ ಆಡಲಿ, ನೀವು ಮಧ್ಯೆ ಹೋಗಬೇಡಿ.